ಕೆಳಗಿನ ನೀರಿನ ಲೆಕ್ಕ

"ಮೇಲಿನ ನೀರು ಎಂಟು. ಕೆಳಗಿನ ನೀರೂ ಎಂಟು," ಎಂದು ರೋವೀನಾ ಟೀಚರ್ ಹಳದಿ ನೋಟ್‌ಬುಕ್ ನೋಡಿ ಓದಿದರು.

ಶಾಲೆಯ ಹಾಲ್‌ನಲ್ಲಿ ಕೂತಿದ್ದವರೆಲ್ಲ ನೆಮ್ಮದಿಯ ಉಸಿರು ಬಿಟ್ಟರು. ಎಲ್ಲರಿಗಿಂತ ಜೋರಾಗಿ ಬಿಟ್ಟವನು ಅನ್ಸೆಲ್ಮೋ ಮಾವ. ಅಳಿವೆಯ ಬಾಯಿಗೆ ಮರಳು ಕಟ್ಟಿಕೊಂಡು, ನದಿ ಕಡಲು ಸೇರಲಾರದೆ ಹಿಂದಕ್ಕೆ ತುಂಬಿ, ಅವನ ಆರ್ಟಿಚೋಕ್ ಎಂಬ ಮುಳ್ಳು ತರಕಾರಿಯ ಹೊಲಕ್ಕೆ ನುಗ್ಗಿ ಒಂದು ವಾರವಾಗಿತ್ತು. ನಾಳೆ ಬೆಳಿಗ್ಗೆ ಏಳಕ್ಕೆ ಮರಳ ದಿಬ್ಬ ಕಡಿಯುವುದು ಎಂದು ತೀರ್ಮಾನವಾಯಿತು.

"ನಮ್ಮ ಪುಟ್ಟೀನೇ ಅಳೆದಿದ್ದು," ಎಂದು ಮಾವ ಪಕ್ಕದವರಿಗೆಲ್ಲ ಹೇಳಿಕೊಂಡ.

ಅವನ ಪಕ್ಕದಲ್ಲೇ ಕೂತಿದ್ದ ಡೆಲ್ಫೀನಾಳ ಕಿವಿ ಬಿಸಿಯಾಯಿತು. ಕೆಳಗಿನ ನೀರನ್ನು ಅವಳು ಅಳೆದೇ ಇರಲಿಲ್ಲ.

ಹಿನ್ನೀರಿನ ತುಂಬ ಸ್ಟೀಲ್‌ಹೆಡ್ ಮೀನಿನ ಮರಿಗಳಿದ್ದವು. ಬೇಸಿಗೆಯೆಲ್ಲ ಇಲ್ಲೇ ತಿಂದು ಬೆಳೆದು, ಚಳಿಗಾಲದ ಮಳೆಗೆ ದಿಬ್ಬ ತಾನಾಗಿ ಒಡೆದಾಗ ಅವು ಕಡಲಿಗೆ ಹೋಗುತ್ತವೆ. ಈಗಲೇ ಕಡಿದರೆ ಮೊದಲು ಹರಿದುಹೋಗುವುದು ಮೇಲಿನ ನೀರು. ಮರಿಗಳ ಪಾಲಿಗೆ ಉಳಿಯುವುದು ಕೆಳಗಿನದು. ಅದರಲ್ಲಿ ಉಸಿರಾಡುವಷ್ಟು ಗಾಳಿ ಕರಗಿರಬೇಕು. ಮೀಟರ್ ಎಂಟು ತೋರಿಸಿದರೆ ಮರಿಗಳು ಆರಾಮ. ಎರಡಕ್ಕಿಂತ ಇಳಿದರೆ ಒಂದೂ ಬದುಕುವುದಿಲ್ಲ.

ಅಂದು ಬೆಳಿಗ್ಗೆ ಟೀಚರ್ ಮಂಡಿನೋವೆಂದು ಕಾಲುಸೇತುವೆಯ ಈ ತುದಿಯಲ್ಲೇ ನಿಂತಿದ್ದರು. ಡೆಲ್ಫೀನಾ ಒಬ್ಬಳೇ ನಡುವಿಗೆ ಹೋಗಿ ಮೀಟರಿನ ವೈರು ಇಳಿಬಿಟ್ಟಳು. ಮೇಲೆ ಎಂಟು ಬಂತು. ಇನ್ನೂ ಕೆಳಗೆ ಬಿಡುವಾಗ ಅದು ಜೊಂಡಿಗೆ ಸಿಕ್ಕಿಕೊಂಡಿತು. ಕೈ ಮರಗಟ್ಟಿತ್ತು, ಹೊಟ್ಟೆ ಹಸಿದಿತ್ತು. ಕೆಳಗೂ ಇಷ್ಟೇ ಇರುತ್ತದೆ ಬಿಡು ಎಂದುಕೊಂಡು ಇನ್ನೊಂದು ಎಂಟು ಬರೆದುಬಿಟ್ಟಳು.

ಹಾಲ್‌ನಲ್ಲಿ ಅವಳು ಬಾಯಿ ಬಿಡಲಿಲ್ಲ. ರಾತ್ರಿ ಬೀನ್ಸ್ ತಟ್ಟೆಯನ್ನು ಹಾಗೇ ಸರಿಸಿಟ್ಟಳು.

ಮಾರನೆಯ ದಿನ ಆರು ಗಂಟೆಗೇ ಟೀಚರ್ ಮನೆಯ ಬಾಗಿಲು ತಟ್ಟಿ ಎಲ್ಲವನ್ನೂ ಹೇಳಿದಳು. ಟೀಚರ್ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಮೀಟರ್ ಪೆಟ್ಟಿಗೆಯನ್ನು ಅವಳ ಕೈಗಿಟ್ಟು, ಕಾರಿನ ಕೀ ಹುಡುಕಿದರು.

ಅವರು ಹೋಗುವಷ್ಟರಲ್ಲಿ ದಿಬ್ಬದ ಬಳಿ ಜೆಸಿಬಿ ಸ್ಟಾರ್ಟ್ ಆಗಿತ್ತು. ಡೆಲ್ಫೀನಾ ಓಡಿಹೋಗಿ ಅದರ ಮುಂದೆಯೇ ನಿಂತಳು. ಅದನ್ನು ಓಡಿಸುತ್ತಿದ್ದ ಮಾವ ಗಾಬರಿಯಿಂದ ಇಳಿದು ಬಂದ.

"ಮಾವ, ಆ ಎಂಟು ಸುಳ್ಳು. ನಾನು ಕೆಳಗೆ ಅಳೀಲೇ ಇಲ್ಲ."

ಮಾವನ ಮುಖ ಕೆಂಪಾಯಿತು. "ಅಲ್ಲಿ ನನ್ನ ಗಿಡದ ಬೇರು ಕೊಳೀತಾ ಇದೆ. ನಿನ್ನೆ ಅಷ್ಟು ಜನರ ಮುಂದೆ ಬಾಯಿಗೆ ಬೀಗ ಹಾಕ್ಕೊಂಡಿದ್ಯಲ್ಲ, ಯಾಕೆ?"

"ಹೆದರಿಕೆ ಆಗಿತ್ತು."

"ಈಗ ಆಗ್ತಿಲ್ವಾ?"

"ಈಗ್ಲೂ ಆಗ್ತಿದೆ. ಆದ್ರೂ ಅಳೀತೀನಿ. ಅಷ್ಟು ಹೊತ್ತು ನಿಲ್ಲು."

ಕಾಲುಸೇತುವೆಯ ನಡುವಿಗೆ ಹೋಗಿ ಇಳಿಬಿಟ್ಟರೆ ವೈರು ಮತ್ತೆ ಜೊಂಡಿಗೇ ಸಿಕ್ಕಿತು. ಮೂರು ಸಲ ಎಳೆದು ಮೂರು ಸಲ ಬಿಟ್ಟಳು. ನಾಲ್ಕನೆಯ ಸಲ ಶೂ ಲೇಸ್ ಬಿಚ್ಚಿ ವೈರಿಗೆ ಒಂದು ಕಲ್ಲು ಕಟ್ಟಿದಳು. ಸೇತುವೆಯ ಹಲಗೆಯ ಮೇಲೆ ಬೋರಲು ಮಲಗಿ, ಒಂದೊಂದೇ ಗೇಣು ಇಳಿಸಿದಳು. ಮಾವ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಮೀಟರ್ ಹಿಡಿದುಕೊಂಡ.

"ಎಂಟು," ಎಂದ. "ಏಳು. ಇನ್ನೂ ಬಿಡು. ನಾಲ್ಕು." ಆಮೇಲೆ ಅವನು ಮೀಟರನ್ನು ಕಣ್ಣಿನ ಹತ್ತಿರ ತಂದ. ಕಲ್ಲು ತಳ ಮುಟ್ಟಿತ್ತು.

"ಎಷ್ಟು ಮಾವ?"

ಅವನು ಮೀಟರನ್ನು ಅವಳತ್ತ ತಿರುಗಿಸಿದ. ಒಂದಿರಲಿ, ಒಂದರ ಅರ್ಧವೂ ಇರಲಿಲ್ಲ.

ಸೇತುವೆಯ ನೆರಳಲ್ಲಿ ಬೆರಳುದ್ದದ ಮರಿಗಳು ಮೇಲಿನ ನೀರಿನಲ್ಲೇ ಸುತ್ತುತ್ತಿದ್ದವು. ಮಾವ ಅವನ್ನು ನೋಡಿದ, ಆಮೇಲೆ ದೂರದ ತನ್ನ ಹೊಲವನ್ನು ನೋಡಿದ. ಎದ್ದು ಹೋಗಿ ಜೆಸಿಬಿ ಆಫ್ ಮಾಡಿದ.

ಡೆಲ್ಫೀನಾ ನೋಟ್‌ಬುಕ್ ತೆಗೆದಳು. ನದಿ ಲೆಕ್ಕದಲ್ಲಿ ರಬ್ಬರ್ ಮುಟ್ಟುವಂತಿಲ್ಲ. ತಪ್ಪಾದರೆ ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನೂ ತನ್ನ ಹೆಸರನ್ನೂ ಬರೆಯಬೇಕು. ಹಾಗೇ ಮಾಡಿದಳು. ಗೆರೆಯ ಹಿಂದೆ ಆ ಎಂಟು ಚೆನ್ನಾಗಿಯೇ ಕಾಣುತ್ತಿತ್ತು.

ವಾಪಸು ಬಂದ ಮಾವ ಅವಳ ಭುಜದ ಮೇಲಿಂದ ಬಗ್ಗಿ ಓದಿದ.

"ನನ್ನ ಹೆಸರೂ ಬರಿ. ನಾನೂ ನೋಡಿದೀನಲ್ಲ," ಎಂದ. ಅವಳು ಬರೆದಳು.

"ಇನ್ನೆರಡು ಸಾಲು ಮುಳುಗೋದು ಗ್ಯಾರಂಟಿ. ಅಷ್ಟರೊಳಗೆ ಕೊಯ್ಕೋಬೇಕು. ಗ್ಲೌಸ್ ಇದ್ಯಾ ನಿನ್ಹತ್ರ?"

ಇರಲಿಲ್ಲ. ಮಾವ ತನ್ನ ಒಂದು ಗ್ಲೌಸ್ ಬಿಚ್ಚಿ ಕೊಟ್ಟ. ಡೆಲ್ಫೀನಾ ಅದನ್ನು ಹಾಕಿಕೊಂಡು, ಲೇಸಿಲ್ಲದ ಶೂ ಎಳೆಯುತ್ತ ಅವನ ಹಿಂದೆ ನೀರು ತುಂಬಿದ ಹೊಲಕ್ಕೆ ಇಳಿದಳು.