ಗಾಳ ಹಿಡಿಯೋ ಹುಡುಗಿ ಬ್ಯಾಡ ಅಂದವರು ಯಾರು?

"ಏ ಹಲೋ ಮೇಡಂ! ಗಾಳ ತೆಗೀರಿ ಅಲ್ಲಿಂದ! ಅದು ನನ್ನ ಜಾಗಾ!"

ಅಫ್ಶೀನ್ ಬೆಚ್ಚಿಬಿದ್ದು ತಿರುಗಿದಳು.

ಆರು ವರ್ಷ! ಬರೋಬ್ಬರಿ ಆರು ವರ್ಷ ಆದಮೇಲೆ ಮೊದಲ ಸಲ ಅವಳ ಗಾಳ ನೀರಿಗೆ ಬಿದ್ದಿತ್ತು. ಅದೂ ಸುಮ್ಮನೆ ಬಿದ್ದಿರಲಿಲ್ಲ. ರೀಲ್ ಜಂಗು ಹಿಡಿದು ಸರಿಯಾಗಿ ತಿರುಗುತ್ತಿರಲಿಲ್ಲ. ಹಳೇ ದಾರ ಎಳೆದಲ್ಲಿ ಕಟ್ ಆಗುತ್ತಿತ್ತು, ಹೊಸದು ಸುತ್ತಬೇಕಾಯಿತು. ಒಂದು ಕಾಲದಲ್ಲಿ ಕಣ್ಣು ಮುಚ್ಚಿ ಹಾಕುತ್ತಿದ್ದ ಗಂಟು ಈಗ ಬೆರಳಿಗೆ ನೆನಪೇ ಇಲ್ಲ... ಮೊಬೈಲಿನಲ್ಲಿ ವಿಡಿಯೋ ನೋಡಿ ಹಾಕಬೇಕಾಯಿತು. ಮೊದಲ ಎಸೆತ ಹಿಂದಿನ ಜಾಲಿ ಗಿಡಕ್ಕೆ ಸಿಕ್ಕಿತು. ಎರಡನೇದು ಅವಳ ದುಪಟ್ಟಾಕ್ಕೇ! ಮೂರನೇದು ಹೆಂಗೋ ನೀರಿಗೆ ಬಿತ್ತು ಅನ್ನುವಷ್ಟರಲ್ಲಿ ಈ ಮನುಷ್ಯ!

ಗಿಡದ ಮರೆಯಿಂದ ಎದ್ದು ಬಂದವನಿಗೆ ಮೂವತ್ತೆರಡು ಮೂವತ್ಮೂರು ಇರಬಹುದು. ಕೈಯಲ್ಲಿ ಒಳ್ಳೇ ಗಾಳದ ಕೋಲು, ತಲೆ ಮೇಲೆ ಟೋಪಿ, ಮುಖದ ತುಂಬ ಸಿಟ್ಟು.

"ನಿಮ್ಮ ಜಾಗಾ? ಕೆರಿ ಏನು ನಿಮ್ಮ ಅಜ್ಜ ಕಟ್ಟಿಸ್ಯಾನೇನ್ರಿ?"

"ಕೆರಿ ಯಾರದರೇ ಇರಲಿ. ಮೂರು ದಿನದಿಂದ ಅಲ್ಲಿ ಶೇಂಗಾ ಹಿಂಡಿ ಹಾಕೀನಿ. ಚಾರಾ ಹಾಕಿದವರದು ಜಾಗಾ. ಗಾಳ ಹಿಡಿಯೋ ಮಂದಿಗೆ ಇಷ್ಟರ ಗೊತ್ತಿರಬೇಕು!"

ಗೊತ್ತಿತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಮೈ ಉರಿಯಿತು. ಮೀನು ಕೂಡಲಿ ಅಂತ ಮೊದಲೇ ತಿನಿಸು ಹಾಕಿದವನಿಗೇ ಆ ಜಾಗ ಅನ್ನುವ ಕಾಯಿದೆಯನ್ನು ಅಬ್ಬಾ ಅವಳಿಗೆ ಎಂಟನೇ ವಯಸ್ಸಿಗೇ ಕಲಿಸಿದ್ದರು. ಆದರೆ ತಪ್ಪು ನಮ್ಮದೇ ಅಂತ ಗೊತ್ತಾದಾಗಲೇ ಅಲ್ಲವೇ ದನಿ ಜಾಸ್ತಿ ಏರುವುದು?

"ಈ ಕಲ್ಲಿನ ಮ್ಯಾಲ ನಮ್ಮ ಅಬ್ಬಾ ಹದಿನೈದು ವರ್ಷ ಕುಂತಾರ! ನೀವು ನಿನ್ನಿ ಬಂದವರು..."

"ಬೆಂಡು ಮುಳುಗ್ತು! ಜಗ್ಗ್ರಿ! ಜಗ್ಗ್ರಿ ಮೇಡಂ!"

ಅವಳು ಜಗ್ಗಿದಳು. ಕೋಲು ಬಾಗಿತು. ಬೆರಳು ಮರೆತಿದ್ದನ್ನು ಮೈ ಮರೆತಿರಲಿಲ್ಲ. ದಾರ ಬಿಟ್ಟು, ಎಳೆದು, ಮತ್ತೆ ಬಿಟ್ಟು... ಕೊನೆಗೆ ಒಂದೂವರೆ ಕಿಲೋದ ರೋಹು ದಂಡೆ ಮೇಲೆ ಪಟಪಟ ಒದ್ದಾಡಿತು. ಅಫ್ಶೀನಳ ಕಣ್ಣು ತುಂಬಿ ಬಂದವು. ಹೌದ್ರೀ, ಒಂದು ಮೀನಿಗೆ!

ಆದರೆ ಅಳು ಅವನಿಗೆ ಕಾಣಬಾರದಲ್ಲ?

"ತಗೋರಿ ನಿಮ್ಮ ಮೀನ!"

"ನನಗ್ಯಾಕ? ಹಿಡಿದವರದು ಮೀನ."

"ನಿಮ್ಮ ಹಿಂಡಿ ತಿಂದದ್ದು ನನಗ ಬ್ಯಾಡ!"

ಹಂಗಂದವಳೇ ಗಾಳ ಬಿಡಿಸಿ ಮೀನನ್ನು ನೀರಿಗೇ ಬಿಟ್ಟುಬಿಟ್ಟಳು.

ಪಕ್ಕದ ಕೆಂಪು ಬಾಳೆ ತೋಟದ ಸೂಗಪ್ಪ ಬೇಲಿಯ ಮೇಲಿಂದ ಇಣುಕಿ ನೋಡುತ್ತಿದ್ದ. ಲಿಂಗಾಯತರ ಮುದುಕ, ಮೀನಿನ ವಾಸನೆಯೂ ಆಗದು. ಆದರೂ ಗಾಳದವರ ಗಾಡಿಗಳಿಗೆ ತನ್ನ ತೋಟದಲ್ಲೇ ನೆರಳು ಕೊಡುತ್ತಿದ್ದ.

"ಒಳ್ಳೇದಾತು ನೋಡು. ನೀವಿಬ್ಬರೂ ಜಗಳಾಡೂದ್ರಾಗ ಒಂದು ಜೀವ ಉಳೀತು!" ಅಂತ ಅವನು ನಕ್ಕ.

ಕಮಲಾಪುರದಿಂದ ಕಲಬುರಗಿ ತನಕ ಸ್ಕೂಟಿ ಓಡಿಸುತ್ತ ಅಫ್ಶೀನ್ ದಾರಿಯುದ್ದಕ್ಕೂ ಬೈದಳು. ಅವನ ಟೋಪಿಗೆ ಬೈದಳು, ಹಿಂಡಿಗೆ ಬೈದಳು. ಮುಂದಿನ ಭಾನುವಾರ ಹೋಗಲೇಬಾರದು ಅಂದುಕೊಂಡಳು.

ಹೋದಳು!

ಹೋಗದೆ ಹೆಂಗಿರ್ತಾಳೆ? ಲ್ಯಾಬಿನಲ್ಲಿ ವಾರವಿಡೀ ಮಂದಿಯ ರಕ್ತ ತೆಗೆದು ತೆಗೆದು ಅವಳಿಗೆ ಸಾಕಾಗಿತ್ತು. ರಂಜಾನಿಗೆ ಮನೆಗೆ ಸುಣ್ಣ ಹಚ್ಚುವಾಗ ಅಲ್ಮಾರಿಯ ಹಿಂದೆ ಆ ಕೋಲು ಸಿಕ್ಕಿತ್ತು. "ಗುಜರಿಯವನಿಗೆ ಕೊಟ್ಟುಬಿಡ್ತೀನಿ" ಅಂದಿದ್ದರು ಅಮ್ಮೀ. "ಮುಟ್ಟಿದ್ರ ನೋಡು!" ಅಂತ ಅವಳು ಚೀರಿದ್ದಳು. ತನ್ನ ಚೀರಾಟ ಕೇಳಿ ತಾನೇ ಗಾಬರಿಯಾಗಿದ್ದಳು. ಮೊಣಕಾಲು ನೋವಿನ ಅಬ್ಬಾ ಮಂಚದ ಮೇಲೆ ಕೂತು ತಲೆ ತಗ್ಗಿಸಿದ್ದರು. ಅದ್ಯಾಕೆ ಅಂತ ಆಗ ಅವಳಿಗೆ ತಿಳಿಯಲಿಲ್ಲ.

ಎರಡನೇ ಭಾನುವಾರ ಆ ಟೋಪಿಯವನು ಜಗಳಕ್ಕೆ ಬರಲಿಲ್ಲ. ಜಂಗು ಹಿಡಿದ ಅವಳ ರೀಲ್ ಕೇಳಿ ಇಸಕೊಂಡ, ಬಿಚ್ಚಿದ, ಎಣ್ಣೆ ಬಿಟ್ಟ, ವಾಪಸ್ ಕೊಟ್ಟ. ಮೂರನೇ ಭಾನುವಾರ ಅವಳು ಅಮ್ಮೀ ಮಾಡಿದ ಖೀಮಾ ಪರೋಟಾ ತಂದಳು. ನಾಲ್ಕನೇ ಭಾನುವಾರ ಇಬ್ಬರೂ ಕೂಡಿಯೇ ಹಿಂಡಿ ಹಾಕಿದರು.

ಕೆರೆ ಮೇಲೆ ಹೆಸರು ಕೇಳುವ ರೂಢಿಯಿಲ್ಲ. ಸೂಗಪ್ಪ ಅವನಿಗೆ 'ಮಾಸ್ತರ' ಅನ್ನುತ್ತಿದ್ದ, ಅವಳೂ ಹಂಗೇ ಅಂದಳು. ಅವನಿಗೆ ಅವಳು 'ಮೇಡಂ'.

'ಏನಾಗ್ಯದ ನನಗ? ಶನಿವಾರ ಬಂದ್ರ ಸಾಕು ನಿದ್ದಿ ಬರ್ತಿಲ್ಲ... ಮೀನಿನ ಸಲುವಾಗಿ ಅಂತೂ ಅಲ್ಲ!'

ಆರನೇ ಭಾನುವಾರ ಅವನು ಕೇಳಿದ.

"ಇಷ್ಟು ಚಂದ ಗಾಳ ಹಾಕ್ತೀರಿ. ಆರು ವರ್ಷ ಗಾಳ ಮುಟ್ಟಿಲ್ಲ ಅಂದ್ರಿ, ಯಾಕ ಬಿಟ್ರಿ?"

ಅವಳು ಬೆಂಡಿನ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ಯಾರಿಗೂ ಹೇಳಿರದ ಮಾತು ಇವನಿಗೆ ಹೇಳಬೇಕು ಅನಿಸಿತು.

"ಒಂದು ಸಂಬಂಧ ಬಂದಿತ್ತು. ಅವನ ಅಮ್ಮೀ ಬಂದು ನನ್ನ ನೋಡಿಕೊಂಡು ಹೋದ್ರು. ಅಬ್ಬಾ ಅವನ ಭೆಟ್ಟಿ ಆಗಿ ಬಂದ್ರು. ಎಲ್ಲಾ ಸರಿ ಇತ್ತು. ನಾಕು ದಿನಕ್ಕ ಅವರ ಕಡೆಯಿಂದ ಮಾತು ಬಂತು... 'ಗಾಳ ಹಿಡಕೊಂಡು ಗಂಡಸರ ನಡುವ ಕೂಡೋ ಹುಡುಗಿ ನಮಗ ಬ್ಯಾಡ' ಅಂತ."

"ಹಂಗಂದ್ರಾ?"

"ಅಂದ್ರು! ನಾನೇನು ಕಳುವು ಮಾಡಿದ್ನಾ? ನಮ್ಮ ಅಬ್ಬಾನ ಬಾಜೂ ಕುಂತು ಮೀನ ಹಿಡಿದ್ರ ಅದು ತಪ್ಪಾ? ನಮ್ಮ ಮೊಮಿನಪುರದ ಗಲ್ಲಿ ತುಂಬ ಅದೇ ಸುದ್ದಿ. ಆವತ್ತೇ ಕೋಲು ಇಟ್ಟೆ. ಆಮ್ಯಾಲ ನಾಕು ಸಂಬಂಧ ಬಂದ್ವು, ನಾಕೂ ಬ್ಯಾಡ ಅಂದೆ. ಅಂವ ಒಮ್ಮೆ ಎದುರಿಗೆ ಸಿಗಲಿ! ಆ ಗಾಜಿಪುರದ ತಾರಿಖ್ ಎದುರಿಗೆ ಸಿಗಲಿ, ಏನ್ ಕೇಳ್ತೀನಿ ನೋಡ್ರಿ!"

ಮಾಸ್ತರನ ಕೈಯಿಂದ ಕೋಲು ಜಾರಿತು.

"ನಿಮ್ಮ ಹೆಸರು... ಅಫ್ಶೀನಾ? ಗಡಿಯಾರ ರಿಪೇರಿ ಮಾಡೋ ಜಹೀರುದ್ದೀನ್ ಸಾಬರ ಮಗಳು?"

"ನಿಮಗ ಹೆಂಗ ಗೊತ್ತು?"

"ಆ ತಾರಿಖ್ ನಾನೇ."

ಅವಳು ಎದ್ದು ನಿಂತಳು. ಇಷ್ಟು ದಿನ ನಕ್ಕಿದ್ದು, ಪರೋಟಾ ಹಂಚಿಕೊಂಡಿದ್ದು, ಮನಸ್ಸಿನೊಳಗೇ ಇವನ ಹೆಸರೇನಿರಬಹುದು ಅಂತ ಊಹಿಸಿದ್ದು... ಎಲ್ಲ ಒಮ್ಮೆಲೇ ನೆನಪಾಗಿ ನಾಚಿಕೆ ಸಿಟ್ಟು ಎರಡೂ ಒತ್ತಿ ಬಂದವು.

"ನೀವಾ! ನೀವು ದಂಡಿ ಮ್ಯಾಲ ಕುಂತ್ರ ಶೋಕಿ, ನಾನು ಕುಂತ್ರ ಇಜ್ಜತ್ ಹೋಗ್ತದಾ?"

"ನಾನು ಹಂಗ ಅಂದಿಲ್ಲ ಅಫ್ಶೀನ್! ಬ್ಯಾಡ ಅಂತ ಮಾತು ಬಂದದ್ದು ನಿಮ್ಮ ಮನಿಯಿಂದ. ಹುಡುಗಿಗೆ ಮನಸ್ಸಿಲ್ಲ ಅಂದ್ರು!"

"ಸುಳ್ಳ!"

"ಅಲ್ಲಾ ಕಸಮ್!"

"ಈಗ ನಮ್ಮ ಅಬ್ಬಾನ ಮ್ಯಾಲ ಹಾಕ್ತೀರಾ? ನಾಚಿಕಿ ಆಗಬೇಕು ನಿಮಗ!"

ಕೋಲನ್ನು ಅಲ್ಲೇ ಬಿಟ್ಟು ಅವಳು ಸ್ಕೂಟಿ ಹತ್ತಿದಳು. ಸೂಗಪ್ಪ "ಯವ್ವಾ, ಯಾಕ, ಏನಾತು?" ಅಂತ ಕೂಗಿದ್ದು ಅವಳಿಗೆ ಕೇಳಲಿಲ್ಲ.

ಮನೆಗೆ ಬಂದಾಗ ಅಮ್ಮೀ ಮಸ್ತಾನಬಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದರು. ಅಬ್ಬಾ ಜಹೀರುದ್ದೀನ್ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

"ಗಾಜಿಪುರದ ತಾರಿಖ್ ಸಿಕ್ಕಿದ್ದ. ಬ್ಯಾಡ ಅಂದವರು ನಾವೇ ಅಂತಾನ. ಹೇಳ್ರಿ ಅಬ್ಬಾ, ಅಂವ ಸುಳ್ಳುಗಾರ ಅಂತ ಹೇಳ್ರಿ!"

ಅಮ್ಮೀಯ ಚಾಕು ನಿಂತಿತು. ಅಬ್ಬಾ ಗೋಡೆ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಇಬ್ಬರೂ ಹೆಗಲು ಮುಟ್ಟಿಕೊಂಡಂಗಾಯಿತು.

"ಸುಳ್ಳುಗಾರನೇ ಅಂವ," ಅಂದರು ಅಬ್ಬಾ ಮೆಲ್ಲಗೆ. "ಅದಕ್ಕೇ ನಾನು ಬ್ಯಾಡ ಅಂದೆ."

ಅಫ್ಶೀನ್ ಅಬ್ಬಾನ ಎದುರಿಗೇ ನೆಲದ ಮೇಲೆ ಕೂತಳು.

"ಏನ್ ಸುಳ್ಳು ಹೇಳಿದ್ದ ನಿಮಗ?"

"ಗಾಳ ಹಾಕ್ತೀನಿ ಅಂದ. ಖುಷಿ ಆಯ್ತು ಬೇಟಾ. ಎಲ್ಲಿ ಹಾಕ್ತಿ ಅಂತ ಕೇಳ್ದೆ. ಜೇವರ್ಗಿ ದಾರಿಯಾಗಿನ ಒಂದು ಕೆರಿ ಹೇಳ್ದ. ಮರುದಿನ ಹೋಗಿ ನೋಡಿದ್ರ... ಕೆರಿಯಾಗ ಹನಿ ನೀರಿಲ್ಲ! ಎಮ್ಮಿ ಮೇಯಾಕತ್ತಿದ್ವು! ಮೊದಲ ಭೆಟ್ಟಿಗೇ ಮಾವನ ಮುಂದ ಹಿಂಗ ಸುಳ್ಳು ಹೇಳೋನು ನಾಳಿ ನನ್ನ ಮಗಳಿಗೆ ಏನೇನು ಹೇಳಾಂವ?"

ಅಫ್ಶೀನ್ ಸಿಡಿದಳು.

"ಅಬ್ಬಾ! ಯಾವ ಗಾಳದವ ತನ್ನ ಜಾಗಾ ಖರೇ ಹೇಳ್ಯಾನ? ನೀವು ಹೇಳೀರಾ? ಅಕ್ರಮ್ ಚಾಚಾ ನಿಮ್ಮ ಜಿಗರಿ ದೋಸ್ತ. ಪ್ರತಿ ಭಾನುವಾರ 'ಎಲ್ಲಿಗೆ ಹೊಂಟಿ?' ಅಂತ ಕೇಳ್ತಿದ್ರು. 'ಶಹಾಬಾದ್ ಕಡೆ' ಅಂತ ಹೇಳಿ ಕಮಲಾಪುರದ ದಾರಿ ಹಿಡೀತಿದ್ದವರು ಯಾರು? 'ಮಕ್ಕಳನ್ನ ತೋರಿಸಬಹುದು, ಮೀನಿನ ಜಾಗಾ ತೋರಿಸಬಾರದು' ಅಂತ ನನಗ ಕಲಿಸಿದವರು ಯಾರು?"

ಆ ಮಾತು ಆರು ವರ್ಷದಲ್ಲಿ ಒಮ್ಮೆಯೂ ಅಬ್ಬಾನ ತಲೆಗೆ ಹೊಳೆದಿರಲಿಲ್ಲ. ಅಲ್ಲರೀ, ತನ್ನ ಸುಳ್ಳು ಯಾವತ್ತೂ ಜಾಣತನ, ಮಂದಿಯ ಸುಳ್ಳು ಮಾತ್ರ ಸುಳ್ಳು!

"ಮತ್ತ ಗಾಳ ಹಿಡಿಯೋ ಹುಡುಗಿ ಬ್ಯಾಡ ಅಂದದ್ದು?"

ಈ ಸಲ ಅಮ್ಮೀ ಸೆರಗಿನಿಂದ ಕಣ್ಣೊರೆಸಿದರು. ಉಳ್ಳಾಗಡ್ಡಿಯ ನೀರೋ, ಅಳುವೋ.

"ನಾನೇ ಹೇಳಿದೆ ಅಫ್ಶೀ... ಬಿಸಿಲಾಗ ಕುಂತು ಕರ್ರಗಾಗಿದ್ದಿ. ಮಂದಿ ಬಾಯಿಗೆ ಬಂದಂಗ ಆಡ್ತಿದ್ರು. ಹೆಂಗೂ ಸಂಬಂಧ ಮುರೀತು, ಇದರ ನೆವದಾಗ ಗಾಳನರ ಬಿಡ್ತಿ ಅಂತ... ಹಾವೂ ಸಾಯಬಾರದು ಕೋಲೂ ಮುರೀಬಾರದು ಅಂತ..."

"ಮುರಿದದ್ದು ನಾನು ಅಮ್ಮೀ!"

ಅವಳು ಎದ್ದು ಇಬ್ಬರ ಎದುರಿಗೂ ನಿಂತಳು.

"ಅಬ್ಬಾ ತಾವೇ ಬ್ಯಾಡ ಅಂದ್ರು. ನೀವು ಸುಳ್ಳು ಕಟ್ಟಿದ್ರಿ. ಆ ತಾರಿಖ್ ಸುಮ್ಮ ಕುಂತ. ಮದುವಿ ನಂದು, ಗಾಳ ನಂದು, ಹೋದ ಆರು ವರ್ಷ ನಂದು! ಒಬ್ಬರಾದ್ರೂ ಒಂದು ಮಾತು, ಒಂದೇ ಒಂದು ಮಾತು, ನನ್ನ ಕೇಳಿದ್ರಾ?"

ಅಬ್ಬಾ ಕುಂಟುತ್ತ ಬಂದು ಅವಳ ತಲೆ ಮೇಲೆ ಕೈಯಿಟ್ಟರು. "ತಪ್ಪಾಯ್ತು ಬೇಟಾ" ಅಂದರು. ಅವಳು ಆ ಕೈ ಸರಿಸಲೂ ಇಲ್ಲ, ಹಿಡಿದುಕೊಳ್ಳಲೂ ಇಲ್ಲ. ಆ ವಾರವೆಲ್ಲ ಮನೆಯಲ್ಲಿ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಮುಂದಿನ ಭಾನುವಾರ ಅವಳು ಕೆರೆಗೆ ಹೋದಾಗ ತಾರಿಖ್ ದಂಡೆ ಮೇಲೆ ಸುಮ್ಮನೆ ಕೂತಿದ್ದ. ಅವಳು ಬಿಟ್ಟುಹೋದ ಕೋಲು ಪಕ್ಕದಲ್ಲೇ ಇತ್ತು, ತನ್ನ ಗಾಳವನ್ನೂ ನೀರಿಗೆ ಬಿಟ್ಟಿರಲಿಲ್ಲ. ಮುಖ ಒಂದು ವಾರಕ್ಕೇ ಇಳಿದುಹೋಗಿತ್ತು. ಅವಳನ್ನು ನೋಡಿದ್ದೇ ಎದ್ದು ನಿಂತ.

"ಬರೂದಿಲ್ಲ ಅಂದುಕೊಂಡಿದ್ದೆ."

"ಈ ಸಲ ನಾನ್ಯಾಕ ಬಿಡಲಿ? ಕೆರಿ ನಂದೂ ಹೌದು," ಅಂದಳು. ಒಂದು ಉಸಿರು ತಗೊಂಡು ಮುಂದುವರಿಸಿದಳು. "ನೀವು ಹೇಳಿದ್ದು ಖರೇ ಇತ್ತು. ನಮ್ಮ ಮನಿಯವರೇ ಬ್ಯಾಡ ಅಂದದ್ದು. ಯಾಕ ಗೊತ್ತದಾ? ನೀರಿಲ್ಲದ ಕೆರಿ ಹೆಸರು ಹೇಳಿದ್ರಿ ಅಂತ!"

ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಹಣೆ ಹಣೆ ಬಡಿದುಕೊಂಡ.

"ತೋಬಾ ತೋಬಾ! ನಾನು ಆಗೂ ಇದೇ ಕೆರಿಗೇ ಬರ್ತಿದ್ದೆ ಅಫ್ಶೀನ್, ಶುಕ್ರವಾರ ನಮಾಜ್ ಮುಗಿಸಿ. ಖರೇ ಹೇಳಿದ್ರ ಮಾವನೂ ಬಂದು ಕುಂತುಬಿಟ್ಟಾನು ಅಂತ ಅಂಜಿ..."

"ಅವರು ಮೊದಲೇ ಕುಂತಿದ್ರು! ಭಾನುವಾರ, ನನ್ನ ಜೋಡಿ!"

ನಗು ಬಂತು ಅವಳಿಗೆ. ನಗುತ್ತಲೇ ಅಳು ಬಂತು. ಅವನು ಹತ್ತಿರ ಬಂದ, ಆದರೆ ಮುಟ್ಟಲಿಲ್ಲ.

"ನಮ್ಮ ಅಮ್ಮೀ ನಿಮ್ಮನ್ನ ನೋಡಿಕೊಂಡು ಬಂದು, 'ಹುಡುಗಿ ಮೀನ ಹಿಡೀತಾಳಂತ, ಏನ್ ಮಾಡೂದು?' ಅಂದಿದ್ರು. 'ಇವತ್ತೇ ಹೌದು ಅಂತ ಹೇಳು' ಅಂದಿದ್ದೆ ನಾನು. ಆಮ್ಯಾಲ ಹುಡುಗಿಗೆ ಮನಸ್ಸಿಲ್ಲ ಅಂತ ಮಾತು ಬಂತು. ನನಗೂ ಸಿಟ್ಟು ಬಂತು. ಒಮ್ಮೆ ಬಂದು ಕೇಳಬೇಕಿತ್ತು, ಕೇಳಲಿಲ್ಲ. ಅದು ನನ್ನ ತಪ್ಪು. ಅದಕ್ಕ ನೆವ ಹೇಳೂದಿಲ್ಲ."

"ಹೇಳಬ್ಯಾಡ್ರಿ. ಕೇಳೂದಿಲ್ಲ ನಾನು."

"ಅಮ್ಮೀನ ನಿಮ್ಮ ಮನಿಗೆ ಕಳಸ್ತೀನಿ. ಜಹೀರುದ್ದೀನ್ ಸಾಬರ ಕಾಲಿಗೂ ಬೀಳ್ತೀನಿ. ಅದೆಲ್ಲಾ ಆಮ್ಯಾಲ. ಮೊದಲು ನಿಮ್ಮನ್ನ ಕೇಳ್ತೀನಿ." ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ. "ಅಫ್ಶೀನ್... ನನ್ನ ಮದುವಿ ಆಗ್ತೀರಾ?"

ಮೂವತ್ತು ವರ್ಷದ ಬಾಳಿನಲ್ಲಿ ಆ ಪ್ರಶ್ನೆ ನೇರ ಅವಳ ಹತ್ತಿರ ಬಂದದ್ದು ಇದೇ ಮೊದಲು. ಇಷ್ಟು ದಿನ ಅದು ಅವಳ ಸುತ್ತ ಅಡ್ಡಾಡಿ, ಹಿರಿಯರ ಬಾಯಲ್ಲೇ ಬಂದು ಹೋಗುತ್ತಿತ್ತು.

"ಇನ್ನೊಮ್ಮೆ ಕೇಳ್ರಿ."

"ನನ್ನ ಮದುವಿ ಆಗ್ತೀರಾ?"

"ಹೂಂ... ಆಗ್ತೀನಿ." ಕಣ್ಣೊರೆಸಿಕೊಂಡು ಅವಳು ಬೆರಳೆತ್ತಿದಳು. "ಆದ್ರ ಸಿಟ್ಟು ಇನ್ನೂ ಹೋಗಿಲ್ಲ. ನಿಮ್ಮ ಮ್ಯಾಲೂ ಅದ, ಮನಿಯವರ ಮ್ಯಾಲೂ ಅದ."

"ಇರಲಿ. ಎಷ್ಟು ದಿನ ಇರ್ತದ?"

"ಆರು ವರ್ಷ!"

"ಹಂಗಾದ್ರ ಆರು ವರ್ಷ ಬೈಸ್ಕೋತೀನಿ. ಬಾಜೂ ಕುಂತು ಬೈಸ್ಕೋಬಹುದಲ್ಲ?"

ಅಫ್ಶೀನ್ ಕಲ್ಲಿನ ಮೇಲೆ ಕೂತು ಸ್ವಲ್ಪ ಆಚೆ ಸರಿದಳು.

"ಕೂಡ್ರಿ. ಮೆಲ್ಲಗ ಮಾತಾಡ್ರಿ... ಮೀನ ಓಡ್ತಾವ."