ಮಂಜಿನೊಳಗಿನ ಕೆಂಪು ಚುಕ್ಕೆ

ಮಂಜಿನೊಳಗೆ ಒಂದು ಕೆಂಪು ಚುಕ್ಕೆ ಅವರ ಕಾರಿನ ಮುಂದೆಯೇ ಹೋಗುತ್ತಿತ್ತು. ಕಾರು ನಿಧಾನವಾದರೆ ಅದೂ ನಿಧಾನ. ಕಾರು ಜೋರಾದರೆ ಅದೂ ಜೋರು.

ಹಿಂದಿನ ಸೀಟಿನಲ್ಲಿ ಸ್ಕೂಲ್ ಬ್ಯಾಗ್ ತಬ್ಬಿಕೊಂಡು ಕೂತಿದ್ದ ಹುಡುಗಿ, ಮನೆಯವರೆಲ್ಲ ಕರೆಯುವಂತೆ ಗೂಬೆಮರಿ, ಕಣ್ಣು ಕಿರಿದು ಮಾಡಿ ನೋಡಿದಳು. ಸೈಕಲ್ ಇರಬಹುದೇ? ಸೈಕಲ್ಲಾದರೆ ತುಳಿಯುವವರು ಕಾಣಬೇಕಲ್ಲ?

"ಆಕ್ಸಿಲರೇಟರ್ ಒಂದೇ ಸಮ ಒತ್ತಿ ಟೈಲರೇ," ಅಂದಳು ಅಮ್ಮ. "ಹೊಲಿಗೆ ಮೆಷೀನ್ ತುಳಿದ ಹಾಗೆ ತುಳೀಬೇಡಿ. ಕಣ್ಣು ರೋಡ್ ಮೇಲಿರಲಿ."

"ಕಾಲು ನನ್ನ ಮಾತೇ ಕೇಳಲ್ಲ ಮೇಡಂ," ಅಂದರು ಟೈಲರ್, ಸ್ಟೀರಿಂಗನ್ನು ಬಿಗಿಯಾಗಿ ಹಿಡಿದುಕೊಂಡು.

ಅಮ್ಮ ಕಾರು ಓಡಿಸಲು ಕಲಿಸುತ್ತಾಳೆ. ಅವಳಿಗೆ ಇರುವುದು ಇದೊಂದೇ ಕಾರು. ಅವಳು ಕೂರುವ ಕಡೆಯೂ ಒಂದು ಬ್ರೇಕು, ಒಂದು ಕ್ಲಚ್ಚು, ಅವಳಿಗೇ ಅಂತ ಒಂದು ಕನ್ನಡಿ. ಬೆಳಗಿನ ಕ್ಲಾಸ್ ಮುಗಿಯುವಾಗ ಮಗಳನ್ನು ಶಾಲೆಗೆ ಬಿಡುತ್ತಾಳೆ. ಹಿಂದಿನ ಸೀಟಿಗೆ ಒಂದೇ ನಿಯಮ: ಬಾಯಿ ಬಿಚ್ಚಬಾರದು. ಹೋದ ವಾರ ಗೂಬೆಮರಿ "ಲಾರಿ!" ಎಂದು ಕಿರುಚಿದ್ದಕ್ಕೆ ಕಲಿಯಲು ಬಂದ ಆಂಟಿ ಬೆಚ್ಚಿಬಿದ್ದು ಕಾರನ್ನು ಪೊದೆಗೆ ನುಗ್ಗಿಸಿದ್ದರು.

ಉದ್ದ ಸೇತುವೆ ಬಂತು. ಎರಡೂ ಕಡೆ ಕಂಬಿ. ಕಂಬಿಯಾಚೆ ಏನೂ ಇಲ್ಲ, ಬರೀ ಬಿಳಿ. ಹಿಂದಿನಿಂದ ಲಾರಿಯೊಂದರ ಹೆಡ್‌ಲೈಟು ಹತ್ತಿರವಾಗುತ್ತಿತ್ತು. ಅಮ್ಮನ ಕಣ್ಣು ಕನ್ನಡಿಯಲ್ಲೇ ನೆಟ್ಟಿತ್ತು.

ಏನೋ ಸುಟ್ಟ ವಾಸನೆ. ಕೆಂಪು ಚುಕ್ಕೆ ಈಗಲೂ ಅಲ್ಲೇ ತೇಲುತ್ತಿತ್ತು.

ಗೂಬೆಮರಿ ಮೆಲ್ಲಗೆ ಮುಂದಕ್ಕೆ ಬಾಗಿದಳು. ಚುಕ್ಕೆಗೆ ಎಣ್ಣೆ ಗಿಂಡಿಯ ಹಾಗೆ ಒಂದು ಮೂತಿಯಿತ್ತು. ಮೂತಿಯ ತುದಿಯಲ್ಲಿ ಒಂದು ಹನಿ. ಅದು ಹೊರಗಿರಲಿಲ್ಲ. ಸ್ಟೀರಿಂಗ್ ಹಿಂದೆ ಹತ್ತಿಕೊಂಡಿದ್ದ ದೀಪ ಗಾಜಿನಲ್ಲಿ ಮೂಡಿತ್ತು.

ಹೇಳಿದರೆ ಟೈಲರ್ ಬೆಚ್ಚಿಬಿದ್ದರೆ? ಇಲ್ಲಿ ಪೊದೆಯೂ ಇಲ್ಲ.

"ಅಮ್ಮ," ಅವಳು ಉಸಿರಿನಲ್ಲೇ ಅಂದಳು, "ಕೆಂಪು ದೀಪ. ಆಯಿಲ್‌ದು."

"ಶ್..." ಅಮ್ಮನ ಮಾತು ಅರ್ಧಕ್ಕೇ ನಿಂತಿತು. ಅವಳಿಗೂ ದೀಪ ಕಂಡಿತ್ತು.

"ಟೈಲರೇ, ಈಗೊಂದು ಹೊಸ ಪಾಠ," ಅಂದಳು ಆಮೇಲೆ. "ಕ್ಲಚ್ ನಾನು ಒತ್ತಿದೀನಿ. ನೀವು ಕೀಲಿ ಒಂಚೂರು ಹಿಂದಕ್ಕೆ ತಿರುಗಿಸಿ. ಪೂರ್ತಿ ಬೇಡ."

"ಓಡ್ತಿರೋ ಇಂಜಿನ್ ಆಫ್ ಮಾಡೋದಾ?"

"ಹೌದು. ಬ್ರೇಕ್ ಮುಟ್ಟಬೇಡಿ. ಸ್ಟೀರಿಂಗ್ ಕಲ್ಲಿನ ಥರ ಆಗುತ್ತೆ. ನಾನೂ ಹಿಡ್ಕೋತೀನಿ."

ಇಂಜಿನ್ ಸತ್ತಿತು.

ಸೇತುವೆಯ ಇಳಿಜಾರಿನಲ್ಲಿ ಕಾರು ಸದ್ದಿಲ್ಲದೆ ಉರುಳಿತು, ಮಂಜಿನೊಳಗೆ ಕೂತು ಯಾರೋ ಹಗ್ಗ ಕಟ್ಟಿ ಎಳೆದುಕೊಳ್ಳುತ್ತಿರುವ ಹಾಗೆ. ಕಂಬಿಗಳು ಒಂದೊಂದಾಗಿ ಬಂದು ಮಾಯವಾದವು. ಟೈಲರ್ ಉಸಿರಾಡುವುದು ಕೂಡ ಕೇಳಿಸುತ್ತಿತ್ತು.

"ಹಾಗೇ. ಚೆನ್ನಾಗಿದೆ. ಇನ್ನೊಂಚೂರು ಎಡಕ್ಕೆ." ಅಮ್ಮನ ದನಿ ದಿನದ ದನಿಯೇ. ಆದರೆ ಕನ್ನಡಿಯಲ್ಲಿ ಗೂಬೆಮರಿಗೆ ಕಂಡ ಮುಖ ಬೇರೆಯೇ ಇತ್ತು. ಅದರಲ್ಲಿ ರಕ್ತವೇ ಇರಲಿಲ್ಲ. ಒಂದೊಂದು ಮಾತು ಮುಗಿದಾಗಲೂ ಅದು ತುಟಿ ಕಚ್ಚಿಕೊಳ್ಳುತ್ತಿತ್ತು.

ಸೇತುವೆ ಮುಗಿಯಿತು. ಪಕ್ಕದ ಮಣ್ಣಿಗೆ ಇಳಿದಾಗ ಅಮ್ಮ ತನ್ನ ಬ್ರೇಕನ್ನು ಒಂದೇ ಸಲ ಒತ್ತಿ ಹಿಡಿದಳು. ಲಾರಿ ಹಾರ್ನ್ ಹೊಡೆಯುತ್ತ ದಾಟಿಹೋಯಿತು.

ಬಾನೆಟ್ಟಿನೊಳಗೆ ಟಿಕ್, ಟಿಕ್ ಎಂದು ಏನೋ ಸದ್ದು. ಇಳಿದು ನೋಡಿದರೆ ಕಾರಿನ ಹೊಟ್ಟೆಯಿಂದ ಕಪ್ಪು ಗೆರೆಯೊಂದು ಹೊರಟು, ಸೇತುವೆ ಹತ್ತಿ, ಮಂಜಿನಲ್ಲಿ ಸೇರಿಹೋಗಿತ್ತು. ಆ ಕಡೆಯ ತುದಿ ಎಲ್ಲಿದೆಯೋ ಕಾಣಲಿಲ್ಲ.

ಫೋನ್ ಮಾಡಿದ ಮೇಲೆ ಮೆಕ್ಯಾನಿಕ್ ಬಂದು ಕಾರಿನಡಿ ತೂರಿದ. "ಆಯಿಲ್ ಫಿಲ್ಟರ್ ಲೂಸಾಗಿದೆ ಅಕ್ಕಾ. ಒಳ್ಳೇ ಟೈಮಿಗೆ ಆಫ್ ಮಾಡಿದ್ರಿ. ಇನ್ನೊಂಚೂರು ಓಡಿದ್ರೆ ಇಂಜಿನ್ ಗುಜರಿಗೆ ಹೋಗ್ತಿತ್ತು."

ಫಿಲ್ಟರ್ ಬಿಗಿಮಾಡಿ ಹೊಸ ಆಯಿಲ್ ಸುರಿದ. ಅಮ್ಮ ಕೀಲಿ ತಿರುಗಿಸಿದಳು. ಇಂಜಿನ್ ಕೆಮ್ಮಿತು, ಮತ್ತೆ ಕೆಮ್ಮಿತು, ಹತ್ತಿಕೊಂಡಿತು. ಕೆಂಪು ದೀಪ ಆರಿತು.

"ಎಂಥಾ ಪಾಠ ಮೇಡಂ!" ಟೈಲರ್ ಬೆವರು ಒರೆಸಿಕೊಂಡರು. "ನಿಮಗೆ ಭಯ ಅನ್ನೋದೇ ಇಲ್ವಲ್ಲ!"

ಅಮ್ಮ ನಕ್ಕು ತನ್ನ ಕಡೆಯ ಸೀಟಿಗೆ ಹೋಗಿ ಕೂತಳು.

ಅಜ್ಜಿಯನ್ನು ಆಂಬುಲೆನ್ಸಿಗೆ ಹತ್ತಿಸಿದ ದಿನ ಗೂಬೆಮರಿಗೆ ನೆನಪಾಯಿತು. "ಮೊದಲು ಎಡಗಾಲಿನ ಚಪ್ಪಲಿ ಹಾಕ್ಕೋ. ಆಮೇಲೆ ಬಲಗಾಲಿಂದು," ಅಂದಿದ್ದಳು ಅಮ್ಮ ಮಗಳಿಗೆ, ಇದೇ ದನಿಯಲ್ಲಿ. ಅಮ್ಮನಿಗೆ ಏನೂ ಅನ್ನಿಸುತ್ತಲೇ ಇಲ್ಲ ಎಂದು ಅವತ್ತು ಗೂಬೆಮರಿಗೆ ಸಿಟ್ಟು ಬಂದಿತ್ತು.

ಕಾರು ಹೊರಟಿತು. ಗೂಬೆಮರಿ ಬಾಯಿ ಬಿಚ್ಚಲಿಲ್ಲ. ಹಿಂದಿನಿಂದ ಕೈ ಚಾಚಿ ಅಮ್ಮನ ಭುಜದ ಮೇಲಿಟ್ಟಳು. ಭುಜ ಕಲ್ಲಿನ ಥರ ಬಿಗಿದಿತ್ತು.

"ಎರಡನೇ ಗೇರ್ ಹಾಕಿ ಟೈಲರೇ," ಅಂದಳು ಅಮ್ಮ.

ಶಾಲೆ ಬರುವವರೆಗೂ ಗೂಬೆಮರಿ ಕೈ ತೆಗೆಯಲಿಲ್ಲ.