ಬೂದು ಕಾರಿನ ಏಳು ಗೀರುಗಳು

ಬಿರುಕು ಹುಡುಕುವುದು ಅವನ ವೃತ್ತಿ. ಊರಾಚೆಯ ನದಿಯ ಮೇಲಿದ್ದ ಹಳೆಯ ಸೇತುವೆಯನ್ನು ತಿಂಗಳಿಗೊಮ್ಮೆ ಬಂದು ಕಂಬಕಂಬವಾಗಿ ಪರೀಕ್ಷಿಸಿ, ಕಂಡದ್ದನ್ನು ಕಂಡಂತೆ ಬರೆದು ಹೋಗುವವನು. ಕಾಣದ್ದನ್ನು ಕಂಡೆನೆಂದು ಒಂದಕ್ಷರವನ್ನೂ ಬರೆದವನಲ್ಲ. ಸೇತುವೆಯ ವಿಷಯದಲ್ಲಂತೂ ಇಲ್ಲ.

ಆ ಚಿಕ್ಕ ವಿಮಾನ ನಿಲ್ದಾಣಕ್ಕೆ ದಿನಕ್ಕೆ ಎರಡೇ ವಿಮಾನ. ಬೆಳಗಿನದರಲ್ಲಿ ಇಳಿದು ಹೊರಬಂದರೆ ಎದುರಿಗೇ ಬಾಡಿಗೆ ಕಾರಿನ ಕೌಂಟರು. ಅದರ ಹಿಂದೆ ಅವಳು. ಕೀಲಿ ಕೊಡುವ ಮೊದಲು ಅವಳು ಕಾರಿನ ಚಿತ್ರ ಅಚ್ಚಾದ ಹಾಳೆಯೊಂದನ್ನು ಹಿಡಿದು, ಗಿರಾಕಿಯೊಡನೆ ಕಾರನ್ನು ಒಂದು ಸುತ್ತು ಬರಬೇಕು. ಹೊಸದಾಗಿ ಗೀರು ಕಂಡರೆ ಚಿತ್ರದಲ್ಲಿ ಅಲ್ಲೊಂದು ಗುರುತು, ಗುರುತಿನ ಪಕ್ಕದಲ್ಲಿ ಇಬ್ಬರ ಸಹಿ. ಉಳಿದವರಿಗೆ ಅದು ಒಂದು ನಿಮಿಷದ ಶಾಸ್ತ್ರ. ಅವನಿಗೆ ಪ್ರದಕ್ಷಿಣೆ.

ಇಂದಿಗೆ ಅದೂ ಮುಗಿಯುವುದಿತ್ತು. ಸೇತುವೆ ಗಟ್ಟಿಯಾಗಿದೆಯೆಂದು ಅವನು ಕಡೆಯ ವರದಿಯನ್ನು ಬರೆದಾಗಿತ್ತು. ನಾಲ್ಕು ಗಂಟೆಯ ವಿಮಾನ ಹತ್ತಿದನೆಂದರೆ ಈ ಊರಿಗೆ ಮರಳಿ ಬರಲು ಕಾರಣವೇ ಇಲ್ಲ. ಮನಸ್ಸಿನಲ್ಲಿದ್ದದ್ದನ್ನು ಹೇಳಬೇಕು, ಇಲ್ಲವೇ ನುಂಗಿಕೊಳ್ಳಬೇಕು. ಎರಡು ಗಂಟೆಗೆ, ಪ್ರತಿ ತಿಂಗಳೂ ತಾನು ಪಡೆಯುತ್ತಿದ್ದ ಅದೇ ಬೂದು ಕಾರನ್ನು ತಂದು ನಿಲ್ಲಿಸುವಾಗ, ನುಂಗಿಕೊಳ್ಳುವುದೆಂದೇ ಅವನು ನಿಶ್ಚಯಿಸಿದ್ದನು.

ಅಲ್ಲಿ ಕಾರು ತೊಳೆಯುವವನು ಅವಳ ಸೋದರಮಾವ. ಪೈಪನ್ನು ಕೆಳಗಿಟ್ಟು ನೇರವಾಗಿ ಬಂದನು.

"ಬಂದ್ರಾ ಸೇತುವೆ ಸಾಹೇಬ್ರೇ? ಈ ಗಾಡಿ ನಾಳೆ ಮಾರಾಟಕ್ಕೆ ಹೋಗುತ್ತೆ. ಹಾಳೇಲಿ ಹನ್ನೊಂದು ಗೀರು ಇದೆ, ನನ್ನ ಕೈಗೆ ಸಿಕ್ಕಿದ್ದು ನಾಲ್ಕೇ. ಮೂರು ವರ್ಷದಿಂದ ಇದರ ಮೈ ತಿಕ್ತಾ ಇದ್ದೀನಿ. ನನ್ನ ಕಣ್ಣು ತಪ್ಪಿಸಿ ಏಳು ಗೀರು ಎಲ್ಲಿ ಅಡಗಿಕೊಂಡ್ವು?"

"ಮಾವ, ಸುಮ್ನಿರಿ," ಎಂದಳು ಅವಳು, ಹಾಳೆ ಹಿಡಿದು ಬರುತ್ತ.

"ನಾನು ಸುಮ್ನಿದ್ರೆ ಮೂರು ಗಂಟೆಗೆ ಬರೋ ನಿಮ್ಮ ಮ್ಯಾನೇಜರ್ ಮೇಡಂ ಸುಮ್ನಿರ್ತಾರಾ? ನೋಡದೇ ಸಹಿ ಹಾಕಿದ್ದಾಳೆ ಅಂತ ನಿನ್ನ ಕೆಲಸಕ್ಕೇ ಕುತ್ತು ಬರುತ್ತೆ ಕಣಮ್ಮ."

ಸೇತುವೆಯವನು ಅವಳ ಕೈಯ ಹಾಳೆಯತ್ತ ನೋಡಿದನು. ಆ ಏಳನ್ನೂ ಬರೆಸಿದವನು ಅವನೇ.

"ಬನ್ನಿ ಸರ್," ಎಂದಳು ಅವಳು. "ಒಂದು ಸುತ್ತು ಬರೋಣ. ಏಳನ್ನೂ ನೀವೇ ತೋರಿಸಿ."

ಅವಳ ನೋಟದಲ್ಲಿ ದೂರಿರಲಿಲ್ಲ. ಹುಬ್ಬು ಮಾತ್ರ ಒಂದು ಕೂದಲಿನಷ್ಟು ಮೇಲೇರಿತ್ತು.

"ಮೊದಲ ನಾಲ್ಕು ನಿಜ. ಐದನೇದು, ಎಡಗಡೆ ಹಿಂಬಾಗಿಲು," ಎಂದು ಅವಳು ಹಾಳೆ ನೋಡಿ ಓದಿದಳು.

ಅವನು ಬೆರಳಿಟ್ಟನು. ನುಣುಪಾದ ಬಣ್ಣದಲ್ಲಿ ಅವನ ಬೆರಳೇ ಅವನಿಗೆ ಎದುರಾಯಿತು.

"ಇಲ್ಲಿ ಗೀರಿಲ್ಲ. ಆವತ್ತೂ ಇರಲಿಲ್ಲ."

"ಮತ್ತೆ ಬರೆಸಿದ್ದು?"

"ನಿಮ್ಮ ಅಜ್ಜಿ ಹಲ್ಲುಸೆಟ್ಟು ಕಳೆದುಹೋಯ್ತು ಅಂತ ಮನೆಯನ್ನೆಲ್ಲ ತಲೆಕೆಳಗು ಮಾಡಿಸಿದ ಕಥೆ ಹೇಳ್ತಾ ಇದ್ರಿ. ಸುತ್ತು ಮುಗಿದುಹೋಯ್ತು, ಕಥೆ ಮುಗಿದಿರಲಿಲ್ಲ. ಹಲ್ಲು ಸಿಕ್ತೋ ಇಲ್ವೋ ನನಗೆ ತಿಳೀಬೇಕಿತ್ತು."

"ಅವರ ಬಾಯಲ್ಲೇ ಇತ್ತು."

"ಗೊತ್ತು. ಗೀರು ಬರೆದುಕೊಂಡ ಮೇಲೆ ಹೇಳಿದ್ರಿ."

ಮಾವನು ಪೈಪನ್ನು ಮತ್ತೆ ಎತ್ತಿಕೊಂಡನು. ನಲ್ಲಿಯನ್ನು ಮಾತ್ರ ತಿರುಗಿಸಲಿಲ್ಲ.

"ಆರನೇದು. ಡಿಕ್ಕಿ ಮೇಲೆ."

"ಆವತ್ತು ನಿಮಗೆ ನೆಗಡಿ. ಬಾಯೇ ಬಿಡಲಿಲ್ಲ. ಒಂದು ಮಾತಾದರೂ ಕೇಳಿಸಲಿ ಅಂತ 'ಇಲ್ಲೊಂದು ಗೀರಿದೆ' ಅಂದೆ. ನೀವು 'ಹೂಂ' ಅಂದ್ರಿ."

"ಒಂದು ಹೂಂಗೋಸ್ಕರಾನಾ?"

"ಆ ತಿಂಗಳಿಗೆ ಸಾಕಾಯ್ತು."

ಹೀಗೆ ಒಂದೊಂದೇ ಗುರುತಿನ ಬಳಿ ನಿಂತು ಅವನು ಒಂದೊಂದು ತಿಂಗಳನ್ನು ಒಪ್ಪಿಕೊಂಡನು. ಕಡೆಯದು ಬಾನೆಟ್ಟಿನ ತುದಿಯಲ್ಲಿತ್ತು. ಅಲ್ಲಿಗೆ ಬರುವಷ್ಟರಲ್ಲಿ ಅವನ ದನಿ ಬಹಳ ತಗ್ಗಿತ್ತು.

"ಏಳೂ ಸುಳ್ಳು, ತಪ್ಪು ನನ್ನದು ಅಂತ ಇದರ ಹಿಂದೆ ಬರೆದುಕೊಡ್ತೀನಿ. ನಿಮ್ಮ ಮೇಡಂಗೆ ತೋರಿಸಿ."

"ಕಾರಣ ಕೇಳ್ತಾರೆ. ಏನಂತ ಬರೀತೀರಿ?"

ಅವನು ಪೆನ್ನಿನ ಮುಚ್ಚಳ ತೆಗೆದನು, ಹಾಕಿದನು, ಮತ್ತೆ ತೆಗೆದನು.

"ಪ್ರೀತಿ ಅಂತ ಬರೆದರೆ ಅವರು ಒಪ್ತಾರಾ?"

"ಅವರ ವಿಷಯ ಆಮೇಲೆ," ಎಂದಳು ಅವಳು ಹಾಳೆಯಿಂದ ಕಣ್ಣೆತ್ತದೆ. ಕಿವಿಯ ತುದಿ ಕೆಂಪೇರಿತ್ತು. "ಐದನೇದು ನನಗೂ ಕಾಣಿಸಿರಲಿಲ್ಲ. ಬಗ್ಗಿ ನೋಡಿದ್ದೆ."

"ಮತ್ತೆ ಯಾಕೆ ಸಹಿ ಹಾಕಿದ್ರಿ?"

"ಇಲ್ಲ ಅಂದಿದ್ರೆ ಕೀಲಿ ತಗೊಂಡು ಹೊರಟುಬಿಡ್ತಿದ್ರಿ."

ಸೇತುವೆಯ ಪ್ರತಿಯೊಂದು ಕೂದಲೆಳೆಯ ಬಿರುಕನ್ನೂ ಕಂಡವನಿಗೆ ಏಳು ತಿಂಗಳಿಂದ ಕಣ್ಣೆದುರಿಗೇ ಇದ್ದ ಈ ಸಹಿ ಕಂಡಿರಲಿಲ್ಲ. ಅವನು ಹಾಳೆಯ ಹಿಂದೆ 'ಏಳೂ ಸುಳ್ಳು, ತಪ್ಪು ನನ್ನದು, ಕಾರಣ ಪ್ರೀತಿ' ಎಂದು ಬರೆದನು. ಆ ಸಾಲಿನ ಕೆಳಗೆ ಅವಳು ತನ್ನದೊಂದು ಸಾಲು ಸೇರಿಸಿದಳು: 'ಗೀರಿಲ್ಲವೆಂದು ತಿಳಿದೇ ಸಹಿ ಮಾಡಿರುತ್ತೇನೆ.'

"ಬೇಡ," ಎಂದನು ಅವನು. "ನಿಮ್ಮ ಕೆಲಸ ಹೋಗುತ್ತೆ."

"ನೋಡದೇ ಹಾಕಿದೆ ಅಂದ್ರೆ ಅದು ಎಂಟನೇ ಸುಳ್ಳಾಗುತ್ತೆ. ಏಳು ಸಾಕು ಸರ್."

ಮೂರಕ್ಕೆ ಬಂದ ಮೇಡಂ ಎರಡೂ ಸಾಲುಗಳನ್ನು ಎರಡೆರಡು ಸಲ ಓದಿದರು. ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು.

"ಇಷ್ಟು ವರ್ಷದಲ್ಲಿ ಇದ್ದ ಗೀರನ್ನ ಇಲ್ಲ ಅಂದವರನ್ನ ನೋಡಿದ್ದೀನಿ. ಇಲ್ಲದ್ದನ್ನ ಇದೆ ಅಂದವರು ನೀವೇ ಮೊದಲು." ಏಳು ಗುರುತುಗಳನ್ನೂ ಹೊಡೆದುಹಾಕಿ ಅವಳ ಕಡೆ ತಿರುಗಿದರು. "ನಿನಗೆ ಎಚ್ಚರಿಕೆ ಪತ್ರ ಬರುತ್ತೆ. ಇನ್ನು ಮೇಲೆ ಇವರು ಬಂದರೆ ಕಾರು ಸುತ್ತೋಕೆ ನಿಮ್ಮ ಮಾವ ಹೋಗಲಿ."

"ಅಯ್ಯೋ ಮೇಡಂ, ನನಗೆ ಅಷ್ಟು ಕಥೆ ಬರಲ್ಲ," ಎಂದನು ಮಾವ.

ಮೇಡಂ ಒಳಗೆ ಹೋದ ಮೇಲೆ ಅವನು ಕೀಲಿಯನ್ನು ಅವಳ ಅಂಗೈಯಲ್ಲಿಟ್ಟನು. ಬೆರಳು ಹಿಂತೆಗೆಯಲು ತಡವಾಯಿತು.

"ಮುಂದಿನ ತಿಂಗಳು ಬರ್ತೀನಿ. ಸೇತುವೆಗಲ್ಲ. ಕಾರೂ ಬೇಡ."

"ಕಾರಿಲ್ಲದೆ ಊರೊಳಗೆ ಹೇಗೆ ಬರ್ತೀರಿ?"

"ನಡೀತೀನಿ."

ಅವಳು ಕೀಲಿಯನ್ನು ಗೂಟಕ್ಕೆ ಹಾಕಿ, ಪ್ರೀತಿಯ ಮಾತು ಬಂದ ಮೇಲೆ ಮೊದಲ ಬಾರಿ ಅವನನ್ನು ನೇರವಾಗಿ ನೋಡಿದಳು.

"ಹಾಗಾದ್ರೆ ನಾನೂ ಜೊತೆಗೆ ಬರ್ತೀನಿ. ಎಲ್ಲಕ್ಕಿಂತ ಸುತ್ತುದಾರಿ ಯಾವುದು ಅಂತ ನನಗೆ ಗೊತ್ತು."